ಹಲಸಿನ ಮರದ ಸೇಡು

ನಾನು ಒಂದು ಗಿಟಾರು. ಏಳು ತಂತಿಯದು. ಸಂಜೆ ಹೊತ್ತು ಕಡಲ ದಂಡೆಯಲ್ಲಿ ಕೂತು ಪ್ರೇಮಗೀತೆ ನುಡಿಸುವ ಸಾಧು ಗಿಟಾರೆಂದುಕೊಂಡು ಹತ್ತಿರ ಬರಬೇಡಿ. ನನ್ನ ಮೈಯೆಲ್ಲ ಹಲಸಿನ ಮರ. ಹಲಸಿನ ಮೇಣ ಕೈಗೆ ಹತ್ತಿದರೆ ತೆಂಗಿನೆಣ್ಣೆ ತಿಕ್ಕದೆ ಬಿಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನನ್ನ ಸಿಟ್ಟೂ ಅದೇ ಜಾತಿಯದು. ನನಗೆ ಇದುವರೆಗೆ ಯಾರೂ ಎಣ್ಣೆ ತಿಕ್ಕಿಲ್ಲ.

ಮಂಗಳೂರಿನ ಕುಲಶೇಖರದಲ್ಲಿ ರಸ್ತೆ ಅಗಲ ಮಾಡುವಾಗ ನಮ್ಮ ಮರವನ್ನು ಉರುಳಿಸಿದರು. ಬುಡದ ದಪ್ಪ ತುಂಡನ್ನು ಚೆಂಡೆ ಮಾಡುವವರು ಒಯ್ದರು. ಅದರ ಹೊಟ್ಟೆ ಕೊರೆದು, ಚರ್ಮ ಬಿಗಿದು, ಯಕ್ಷಗಾನದ ಮೇಳಕ್ಕೆ ಕಳಿಸಿದರು. ಹಾಗಾಗಿ ನನಗೊಬ್ಬ ಅಣ್ಣನಿದ್ದಾನೆ. ಮೇಲಿನ ತುಂಡು ಲಿಗೋರಿ ಸಿಕ್ವೇರಾ ಎಂಬ ಮುದುಕರ ಅಂಗಳಕ್ಕೆ ಬಂತು. ಚರ್ಚಿನ ಪಿಟೀಲು, ಹಾರ್ಮೋನಿಯಂಗಳನ್ನು ರಿಪೇರಿ ಮಾಡಿಕೊಂಡಿದ್ದ ಮನುಷ್ಯ ಅವರು. ನನ್ನನ್ನು ಎರಡು ಮಳೆಗಾಲ ಮಾಡಿನ ಕೆಳಗೆ ಒಣಗಲು ಬಿಟ್ಟು ಮರೆತೇಬಿಟ್ಟಿದ್ದರು.

ನೆನಪಿಸಿದವಳು ಅಶ್ವಿತಾ ದೇವಾಡಿಗ. ನನ್ನ ಅಣ್ಣನನ್ನು ಬಾರಿಸುತ್ತಿದ್ದ ಕೊಗ್ಗು ಎಂಬವರು ಅವಳ ಸೋದರಮಾವ. ಮರದ ಇನ್ನೊಂದು ತುಂಡು ಇಲ್ಲಿ ಬಿದ್ದಿದೆ ಎಂದು ಅವರೇ ಹೇಳಿ ಕಳಿಸಿದ್ದರಂತೆ.

"ಗಿಟಾರು ಎಂತಕ್ಕೆ ಮಗಳೇ? ದೇವರ ಹಾಡಿಗಾ?" ಎಂದು ಲಿಗೋರಿ ಕೇಳಿದರು.

"ಅಲ್ಲ ಅಂಕಲ್. ರಕ್ಕಸನ ಹಾಡಿಗೆ."

ಅವರು ಕನ್ನಡಕ ಮೇಲೇರಿಸಿ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಾಗಾದ್ರೆ ಗಟ್ಟಿ ಮಾಡ್ಬೇಕು," ಎಂದರು. ನಾನು ಹುಟ್ಟಿದ್ದು ಹೀಗೆ. ಹಳದಿ ಮೈ, ದಪ್ಪ ಕುತ್ತಿಗೆ, ತೊಟ್ಟಿಲ ಮಗುವಿಗಿಂತ ಹೆಚ್ಚು ತೂಕ.

ಅಶ್ವಿತಾ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಹಗಲಿಡೀ ಊರವರ ತೋಳಿನಿಂದ ರಕ್ತ ತೆಗೆಯುವುದು, ಸಂಜೆ ನನ್ನ ಜೊತೆ ರಕ್ತದ ಹಾಡು. ಲ್ಯಾಬಿನಲ್ಲಿ ಅವಳ ಕೈ ಎಷ್ಟು ಹಗುರವೆಂದರೆ, ಮಕ್ಕಳು ಸೂಜಿ ಚುಚ್ಚಿದ್ದು ಗೊತ್ತಾಗದೆ ಇನ್ನೂ ಅಳಲು ಕಾಯುತ್ತ ಕೂತಿರುತ್ತಿದ್ದವಂತೆ. ಅದೇ ಕೈ ನನ್ನ ಮೇಲೆ ಬಿದ್ದರೆ ಗೋಡೆ ನಡುಗುತ್ತಿತ್ತು.

ಅವಳ ತಂಡದ ಹೆಸರು ಅಸ್ಥಿಚೂರ್ಣ. ನಗಬೇಡಿ, ಆ ಸಂಗೀತದಲ್ಲಿ ಇದು ಮರ್ಯಾದೆಯ ಹೆಸರು. ಬ್ರೂಟಲ್ ಡೆತ್ ಮೆಟಲ್ ಎಂದು ಅದನ್ನು ಕರೆಯುತ್ತಾರೆ. ತಂತಿಗಳನ್ನು ಜೋಲುವಷ್ಟು ಕೆಳಗಿನ ಶ್ರುತಿಗೆ ಇಳಿಸುವುದು, ಡ್ರಮ್ಮನ್ನು ಎರಡೂ ಕಾಲಲ್ಲಿ ಒದೆಯುವುದು, ಹಾಡುವವನು ಹೊಟ್ಟೆಯಾಳದಿಂದ ಗುಟುರು ಹಾಕುವುದು. ಮೊದಲ ಸಲ ಕೇಳಿದವರು ಯಾವುದೋ ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಎರಡನೆಯ ಸಲ ಕೇಳಿದವರಲ್ಲಿ ಕೆಲವರು ಅಲ್ಲೇ ಉಳಿಯುತ್ತಾರೆ.

ಗುಟುರು ಹಾಕುವವನು ರಿತೇಶ್ ಸಾಲ್ಯಾನ್. ಬಂದರಿನ ಐಸ್ ಪ್ಲಾಂಟಿನ ಯಜಮಾನರ ಮಗ. ಡ್ರಮ್ಮಿನಲ್ಲಿ ಸಫ್ವಾನ್. ಅದೇ ಪ್ಲಾಂಟಿನಲ್ಲಿ ಮಂಜುಗಡ್ಡೆ ಪುಡಿಮಾಡುವ ಯಂತ್ರ ಓಡಿಸುವ ಹುಡುಗ. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಎಂಬ ಸರ್ಕಾರದ ನಿಷೇಧವಿದೆಯಲ್ಲ, ಆಗ ಐಸಿಗೆ ಗಿರಾಕಿಯಿಲ್ಲ. ಪ್ಲಾಂಟು ಖಾಲಿ. ಆ ಎರಡು ತಿಂಗಳು ಅದು ನಮ್ಮ ಅರಮನೆ. ಮೀನಿನ ವಾಸನೆ, ನೆಲದಲ್ಲಿ ಐಸು ಮುಚ್ಚಿಡುವ ಭತ್ತದ ಹೊಟ್ಟು, ಗೋಡೆಯಲ್ಲಿ ತೇವ. ಮರದ ಮೈಗೆ ಅದು ಒಳ್ಳೆಯದಲ್ಲ, ಆದರೂ ನಾನು ಅಷ್ಟು ಸುಖವಾಗಿ ಮತ್ತೆಲ್ಲೂ ಇರಲಿಲ್ಲ.

ರಿತೇಶನದ್ದು ಒಂದೇ ಮಂತ್ರ: ಇನ್ನೂ ಹೆವಿ. ಯಾವ ಹಾಡು ತಂದರೂ ಇನ್ನೂ ಹೆವಿ ಆಗಬೇಕು, ಇನ್ನೂ ವೇಗ ಬೇಕು, ಎಲ್ಲಿಯೂ ಬಿಡುವು ಕೂಡದು. ಅಶ್ವಿತಾಳಿಗೂ ಭಾರ ಬೇಕಿತ್ತು. ಆದರೆ ಅವಳಿಗೆ ಹಾಡೂ ಬೇಕಿತ್ತು.

"ಇಡೀ ಊಟ ಉಪ್ಪಿನಕಾಯಿಯೇ ಆದ್ರೆ ಹೇಗೆ ಮಾರಾಯ? ಅನ್ನ ಬೇಡ್ವಾ?" ಎನ್ನುತ್ತಿದ್ದಳು.

"ಅನ್ನ ತಿನ್ಲಿಕ್ಕೆ ಮನೆಗೆ ಹೋಗ್ಲಿ ಜನ. ಇಲ್ಲಿಗೆ ಪೆಟ್ಟು ತಿನ್ಲಿಕ್ಕೆ ಬರುದು," ಎಂದು ರಿತೇಶ್.

ಜೂನಿನ ಒಂದು ಭಾನುವಾರ ಅವಳು ಪುರಭವನದಲ್ಲಿ ಮಾವನ ಮೇಳದ ಹಗಲಿನ ಆಟ ನೋಡಿ ನೇರ ಪ್ಲಾಂಟಿಗೆ ಬಂದಳು. ಕಣ್ಣು ಹೊಳೆಯುತ್ತಿತ್ತು. ಯಕ್ಷಗಾನದಲ್ಲಿ ರಕ್ಕಸನ ಪಾತ್ರಕ್ಕೆ ಬಣ್ಣದ ವೇಷ ಎನ್ನುತ್ತಾರೆ. ಆ ವೇಷ ಸುಮ್ಮನೆ ರಂಗಕ್ಕೆ ನಡೆದು ಬರುವುದಿಲ್ಲ. ಇಬ್ಬರು ಅಡ್ಡಲಾಗಿ ಒಂದು ತೆರೆ ಹಿಡಿಯುತ್ತಾರೆ. ಅದರ ಹಿಂದಿನಿಂದ ಆರ್ಭಟ ಕೇಳುತ್ತದೆ. ಒಮ್ಮೆ ಕಿರೀಟದ ತುದಿ, ಒಮ್ಮೆ ಬೆರಳು, ಒಮ್ಮೆ ಬೆನ್ನು. ಮುಖ ಮಾತ್ರ ಇಲ್ಲ. ಮಾವನ ಚೆಂಡೆ ಏರಿ ಏರಿ ಒಮ್ಮೆಲೇ ನಿಂತಿತಂತೆ. ಅಶ್ವಿತಾಳ ಪಕ್ಕದಲ್ಲಿದ್ದ ಮಗು ಬಾಯಿಗಿಟ್ಟ ಚಕ್ಕುಲಿಯನ್ನು ಕಚ್ಚದೆ ಹಾಗೇ ಕೂತುಬಿಟ್ಟಿತಂತೆ. ಅದು ತಾಯಿಯ ಸೆರಗೊಳಗೆ ಮುಖ ಹುದುಗಿಸಿದ ಮೇಲೆಯೇ ತೆರೆ ಸರಿದದ್ದು.

"ಮೇಳದವರು ಆ ಮಗುವನ್ನೇ ನೋಡ್ತಾ ಇದ್ರು ಮಾರಾಯ," ಎಂದು ಅವಳು ಸಫ್ವಾನನಿಗೆ ಹೇಳಿದಳು. "ಮಗು ಹೆದರುವ ತನಕ ತೆರೆ ತೆಗೀಲಿಲ್ಲ."

ಆ ಮಳೆಗಾಲದಲ್ಲಿ ಅವಳು ಕಟ್ಟಿದ ಹಾಡಿಗೆ 'ತೆರೆಯ ಹಿಂದೆ' ಎಂದು ಹೆಸರು. ಕಟ್ಟಿದ್ದು ನನ್ನ ಮೈಮೇಲೆ. ಎಷ್ಟು ಸಲ ಕಟ್ಟಿ ಎಷ್ಟು ಸಲ ಕೆಡವಿದಳೋ ಲೆಕ್ಕವಿಲ್ಲ. ನಾಲ್ಕು ಪೆಟ್ಟಿನ ಒಂದು ಸರಳ ಮೊಟಕು ವರಸೆ, ಅದೇ ಮತ್ತೆ ಬೆನ್ನು ತಿರುಗಿಸಿ, ಅದೇ ಮತ್ತೆ ಕುಂಟುತ್ತ, ಕೊನೆಗೆ ಮೂವರೂ ಒಟ್ಟಿಗೆ ಓಡಿ ಬಂದು ಗಕ್ಕನೆ ನಿಲ್ಲಬೇಕು. ಪೂರ್ತಿ ಮೌನ. ಆಮೇಲೆ ರಕ್ಕಸ.

ಒಂದು ಗುಟ್ಟು ಹೇಳುತ್ತೇನೆ. ನನ್ನಂಥ ಗಿಟಾರಿಗೆ ಕಿರುಚುವುದು ಸುಲಭ, ಸುಮ್ಮನಿರುವುದು ಕಷ್ಟ. ಆಂಪ್ಲಿಫೈಯರಿನಲ್ಲಿ ಗೇನ್ ಎಂಬ ತಿರುಗಣೆಯಿದೆ. ಅದನ್ನು ಏರಿಸಿದಷ್ಟೂ ನನ್ನ ದನಿ ಕೆರಳುತ್ತದೆ. ಕೆರಳಿದ ಗಿಟಾರು ತನ್ನ ಸದ್ದನ್ನು ತಾನೇ ಕೇಳಿ ಮತ್ತೆ ನಡುಗಿ, ನುಡಿಸುವವರು ನಿಲ್ಲಿಸಿದರೂ ಊಳಿಡುತ್ತಲೇ ಇರುತ್ತದೆ. ಅಶ್ವಿತಾ ಅದನ್ನು ಒಂದಿಷ್ಟು ಇಳಿಸಿ, ಆ ಗಳಿಗೆಗೆ ಸರಿಯಾಗಿ ತನ್ನ ಅಂಗೈಯನ್ನು ತಂತಿಗಳ ಮೇಲೆ ಪೂರ್ತಿ ಇಡುತ್ತಿದ್ದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ನಾನು ತೆಪ್ಪಗಾಗುತ್ತಿದ್ದೆ.

ಮೊದಲ ಸಲ ಅದು ಸರಿಯಾಗಿ ಬಂದಾಗ, ಐಸಿನ ತೊಟ್ಟಿಯಲ್ಲಿ ನೀರು ತೊಟ್ಟಿಕ್ಕುವುದು ಕೇಳಿತು. ಅವಳು ಅಂಗೈ ಎತ್ತಿದಳು. ಸಫ್ವಾನ್ ಅದನ್ನೇ ನೋಡುತ್ತಿದ್ದವನು ಡ್ರಮ್ಮಿನ ಮೇಲೆ ಎರಗಿದ. ಹಾಡು ಮುಗಿದ ಮೇಲೆ ತನ್ನ ತೋಳು ತೋರಿಸಿ, "ನೋಡಿಲ್ಲಿ, ರೋಮ ಎದ್ದು ನಿಂತದ್ದು ಮಲಗ್ಲೇ ಇಲ್ಲ," ಎಂದ.

ರಿತೇಶ್ ಮಾತ್ರ ಹುಬ್ಬು ಗಂಟಿಕ್ಕಿದ. "ಆ ಗ್ಯಾಪ್ ಎಷ್ಟು ಬೀಟ್ ಉಂಟು?"

"ಎಣಿಸ್ಲಿಕ್ಕಿಲ್ಲ. ಕೇಳುವವರ ಉಸಿರು ನಿಲ್ಬೇಕು. ಆಮೇಲೆ ಕೈ ಎತ್ತುದು."

"ಎಣಿಸದೆ ಹೇಗೆ ಬಾರಿಸುದು? ಮರ್ಲಾ ನಿನಗೆ?"

ಅವಳು ನಕ್ಕಳು. ಅಂದು ನಗಬಾರದಿತ್ತೇನೋ. ಅವನ ಕಣ್ಣಿನಲ್ಲಿ ಏನೋ ಮುದುಡಿದ್ದನ್ನು ನಾನು ಅವಳ ಮಡಿಲಿನಿಂದಲೇ ಕಂಡೆ.

ಆಲ್ಬಮ್ ಮಾಡುವ ಮಾತು ಬಂತು. ಅಶ್ವಿತಾ ಕೇಳಿದ್ದು ಒಂದೇ: ಹಾಡಿನ ಕೆಳಗೆ, ಕಟ್ಟಿದವಳು ಎಂದು ತನ್ನ ಹೆಸರು ಇರಬೇಕು. ತಂಡದ ಹಾಡಿಗೆ ಒಬ್ಬರ ಹೆಸರು ಎಂಥದ್ದು ಎಂದು ರಿತೇಶ್ ಜಗಳ ತೆಗೆದ. ಮರುದಿನ ಅವಳು ಲ್ಯಾಬು ಮುಗಿಸಿ ಬರುವಾಗ ಪ್ಲಾಂಟಿನ ಬಾಗಿಲಿಗೆ ಒಳಗಿನಿಂದ ಹೊಸ ಬೀಗ. ಒಳಗೆ ನಾನು.

"ಬಾಗಿಲು ತೆಗಿ ರಿತೇಶ್. ನನ್ನ ಗಿಟಾರು ಒಳಗುಂಟು," ಎಂದು ಅವಳು ಹೊರಗಿನಿಂದ ಕೂಗಿದಳು.

"ನಿನ್ನದಾ? ಯಾರ ಗೋದಾಮಿನಲ್ಲಿ ಉಂಟು ಅದು?" ಎಂದು ಇವನು ಒಳಗಿನಿಂದ.

ಅವಳು ಮಳೆಯಲ್ಲಿ ತುಂಬ ಹೊತ್ತು ನಿಂತಿದ್ದಳು. ಸಫ್ವಾನ್ ತಲೆ ತಗ್ಗಿಸಿ ಹೊಟ್ಟು ಗುಡಿಸುತ್ತಿದ್ದ. ಅವನ ಅನ್ನ ಆ ಪ್ಲಾಂಟಿನಲ್ಲಿತ್ತು, ಅವನನ್ನು ನಾನು ಬೈಯಲಾರೆ. ರಿತೇಶನನ್ನು ಬೈದೆ. ಹಲಸಿನ ಮರಕ್ಕೆ ಗೊತ್ತಿರುವ ಅಷ್ಟೂ ಬೈಗುಳಗಳನ್ನು ಅವತ್ತು ಬೈದೆ. ಅಂದಿನಿಂದ ನನ್ನದು ಒಂದೇ ಆಸೆ: ಇವನು ಎಲ್ಲರ ಎದುರು ಸಣ್ಣವನಾಗುವುದನ್ನು ನಾನು ನೋಡಬೇಕು.

ರಿತೇಶ್ ನನ್ನನ್ನು ತಾನೇ ಕೊರಳಿಗೆ ಹಾಕಿಕೊಂಡ. ಬೆರಳು ಎಲ್ಲಿಡಬೇಕೆಂದು ಅವಳನ್ನು ನೋಡಿ ನೋಡಿ ಕಲಿತಿದ್ದ. ಕಳ್ಳನಾದರೂ ದಡ್ಡನಲ್ಲ. ಆದರೆ ಗೇನ್ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದ. ಭಾರ ಅಲ್ಲಿಂದಲೇ ಬರುತ್ತದೆ ಎಂದು ಅವನ ನಂಬಿಕೆ. 'ತೆರೆಯ ಹಿಂದೆ' ಹಾಡಿನ ಮೌನ ಬಂದಾಗ ನಾನು ಊಳಿಟ್ಟೆ. ಎಂಟು ಎಣಿಸಿ ನೋಡಿದ, ಊಳಿಟ್ಟೆ. ನಾಲ್ಕು ಎಣಿಸಿ ನೋಡಿದ, ಆಗಲೂ ಊಳಿಟ್ಟೆ. ಅದು ತಂತಿಯ ಗುಣ, ನನ್ನ ಕೈಯಲ್ಲಿಲ್ಲ ಎಂದು ಹೇಳಬಹುದು. ಸುಳ್ಳೇಕೆ, ಸ್ವಲ್ಪ ಬೇಕೆಂದೇ ಊಳಿಟ್ಟೆ.

"ಈ ಗ್ಯಾಪೇ ಬೇಡ, ತೆಗಿ," ಎಂದ ಅವನು. ಮೌನವಿದ್ದ ಜಾಗಕ್ಕೆ ಇನ್ನಷ್ಟು ಡ್ರಮ್ಮು ಸುರಿದರು. ಆಲ್ಬಮ್ ಹಾಗೇ ಹೊರಬಂತು. ಕಟ್ಟಿದವನು ರಿತೇಶ್ ಸಾಲ್ಯಾನ್ ಎಂದು ಅದರ ಮೇಲಿತ್ತು.

ನಾವು ಊರೂರು ತಿರುಗಿದೆವು. ಹುಡುಗರು ಮೊದಲ ಹಾಡಿಗೆ ತಾಳಕ್ಕೆ ತಲೆ ಕೊಡವುತ್ತಿದ್ದರು, ಎರಡನೆಯದಕ್ಕೆ ಕೈಕಟ್ಟಿ ನಿಲ್ಲುತ್ತಿದ್ದರು, ಮೂರನೆಯದಕ್ಕೆ ಚಹಾ ಕುಡಿಯಲು ಹೋಗುತ್ತಿದ್ದರು. ಎಲ್ಲವೂ ಒಂದೇ ಸಮನೆ ಗಟ್ಟಿಯಾದರೆ ಯಾವುದು ಗಟ್ಟಿಯೆಂದು ಕಿವಿಗೆ ತಿಳಿಯುವುದಾದರೂ ಹೇಗೆ? ಜನ ಕರಗಿದಷ್ಟೂ ರಿತೇಶ್ ಗುಟುರು ಹೆಚ್ಚಿಸಿದ. ಕೊನೆಗೊಂದು ಕಾಲೇಜಿನ ಉತ್ಸವದಲ್ಲಿ ಯಾರೂ ತನ್ನತ್ತ ನೋಡುತ್ತಿಲ್ಲ ಎಂಬ ಹೊಟ್ಟೆಯುರಿಗೆ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ವೇದಿಕೆಗೆ ಅಪ್ಪಳಿಸಿದ. ಆಗ ನೋಡಿದರು. ಕೇಕೆ ಹಾಕಿದರು. ನನ್ನ ಕುತ್ತಿಗೆ ಮುರಿದಿತ್ತು.

ಅವನಿಗೆ ಹೊರದೇಶದ ಎಂಟು ತಂತಿಯ ಕಪ್ಪು ಗಿಟಾರು ಬಂತು. ನನ್ನನ್ನು ಪ್ಲಾಂಟಿನ ಮೂಲೆಯಲ್ಲಿ, ಒಡೆದ ಮೀನಿನ ಕ್ರೇಟುಗಳ ಜೊತೆ ಎಸೆದರು. ಹೊಟ್ಟಿನ ಮೇಲೆ ಬಿದ್ದುಕೊಂಡು ನಾನು ಒಂದು ಮಳೆಗಾಲ ಕಳೆದೆ. ಮೈಗೆ ಬೂಷ್ಟು ಹಿಡಿಯಿತು. ಸಿಟ್ಟಿಗೆ ಹಿಡಿಯಲಿಲ್ಲ.

ಕೊನೆಗೂ ಸಫ್ವಾನನೇ ಬಂದ. ಬಂದರಿನ ಇಂಜಿನ್ ರಿಪೇರಿ ಅಂಗಡಿಯಲ್ಲಿ ಬೇರೆ ಕೆಲಸ ಹುಡುಕಿಕೊಂಡು, ಪ್ಲಾಂಟಿಗೆ ಕೈಮುಗಿದ ದಿನ, ನನ್ನ ಎರಡು ತುಂಡುಗಳನ್ನೂ ಗೋಣಿಯಲ್ಲಿ ಸುತ್ತಿ ಸ್ಕೂಟರಿನ ಮೇಲಿಟ್ಟುಕೊಂಡು ನೇರ ಅಶ್ವಿತಾಳ ಮನೆಗೆ ಹೋದ. ಗೋಣಿ ಬಿಚ್ಚಿದಾಗ ಅವಳು ಅಳಲಿಲ್ಲ. ಮುರಿದ ಜಾಗಕ್ಕೆ ಹೆಬ್ಬೆರಳಿಟ್ಟು ಅದುಮಿದಳು, ರಕ್ತನಾಳ ಹುಡುಕುವಾಗ ಮಾಡುವ ಹಾಗೆ.

"ಬರ್ಬೇಕಿತ್ತು ನಾನು ಮುಂಚೆಯೇ," ಎಂದ ಸಫ್ವಾನ್.

"ಈಗ ಬಂದಿಯಲ್ಲ. ಡ್ರಮ್ಮು ಉಂಟಾ?"

ಲಿಗೋರಿ ನನ್ನನ್ನು ನೋಡಿ ಕೊಂಕಣಿಯಲ್ಲಿ ರಿತೇಶನ ಇಡೀ ವಂಶವನ್ನು ಶಪಿಸಿದರು. ಕುತ್ತಿಗೆಗೆ ಬೆಣೆ ಕೊಡಲು ಹಳೆಯ ಹಲಸಿನ ಚೂರು ಬೇಕು, ಹೊಸ ಮರ ಒಪ್ಪುವುದಿಲ್ಲ ಎಂದರು. ಕೊಗ್ಗು ಮಾವನ ಚೆಂಡೆ ಆ ವರ್ಷವೇ ಬಿರುಕು ಬಿಟ್ಟು ಅಟ್ಟ ಸೇರಿತ್ತು. ಅದರ ಬಾಯಿಯಿಂದ ಒಂದು ಸೀಳು ಕತ್ತರಿಸಿ ತಂದುಕೊಟ್ಟರು. ನನ್ನ ಕುತ್ತಿಗೆಯೊಳಗೆ ಈಗ ನನ್ನ ಅಣ್ಣನಿದ್ದಾನೆ. ರಕ್ಕಸರನ್ನು ರಂಗಕ್ಕೆ ಕರೆತಂದ ಮರ ಅದು.

ಮುಂದಿನ ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ, ಕದ್ರಿಯ ಹತ್ತಿರದ ಒಂದು ಹಳೆಯ ಸಭಾಂಗಣದಲ್ಲಿ ಮೆಟಲ್ ತಂಡಗಳ ಮೇಳ. ಕಪ್ಪು ಅಂಗಿಯ ಹುಡುಗ ಹುಡುಗಿಯರು ನೆನೆದ ಕೊಡೆಗಳನ್ನು ಗೋಡೆಗೆ ಒರಗಿಸಿ ಗೋಳಿಬಜೆ ತಿನ್ನುತ್ತಿದ್ದರು. ಕೊನೆಯ ಮುಖ್ಯ ತಂಡ ಅಸ್ಥಿಚೂರ್ಣ. ಅದಕ್ಕೂ ಮುಂಚಿನ ತಂಡ ಅಶ್ವಿತಾ ಮತ್ತು ಸಫ್ವಾನ್, ಇಬ್ಬರೇ. ಗುಟುರೂ ಅವಳದೇ. ಬಾಲ್ಯದಿಂದ ಮೇಳದ ಚೌಕಿಯಲ್ಲಿ, ಬಣ್ಣ ಹಚ್ಚುವ ಆ ಕೋಣೆಯಲ್ಲಿ, ವೇಷಧಾರಿಗಳ ಆರ್ಭಟ ಕೇಳಿ ಬೆಳೆದವಳಿಗೆ ಅದನ್ನು ಬೇರೆ ಯಾರೂ ಕಲಿಸಬೇಕಿರಲಿಲ್ಲ.

ವೇದಿಕೆಯ ಪಕ್ಕದಲ್ಲಿ ರಿತೇಶ್ ಎದುರಾದ. ನನ್ನ ಕುತ್ತಿಗೆಯ ಗಾಯವನ್ನು ನೋಡಿ, ನೋಡದವನಂತೆ ನಕ್ಕ.

"ನಮ್ಮ ಹಾಡು ಬಾರಿಸ್ತೀರಂತೆ? ಜನ ಕಾಪಿ ಅಂತಾರೆ, ನೋಡು."

"ಅನ್ಲಿ," ಎಂದಳು ಅಶ್ವಿತಾ. "ನೀನು ಎದುರಿಗೇ ನಿಂತು ಕೇಳು."

ಅವನು ನಿಂತ. ಮೊದಲ ಸಾಲಿನಲ್ಲಿ, ಕೈಕಟ್ಟಿ.

'ತೆರೆಯ ಹಿಂದೆ' ಶುರುವಾಯಿತು. ಹುಡುಗರಿಗೆ ಆಲ್ಬಮ್ಮಿನಿಂದ ಗೊತ್ತಿದ್ದ ಹಾಡು, ಆದರೆ ಇದು ಬೇರೆ ನಡಿಗೆ. ವರಸೆ ಬೆನ್ನು ತೋರಿಸಿತು, ಬೆರಳು ತೋರಿಸಿತು, ಕುಂಟಿತು, ಓಡಿತು. ಗಕ್ಕನೆ ನಿಂತಿತು. ಆಲ್ಬಮ್ಮಿನ ರೂಢಿಯಲ್ಲಿದ್ದ ಒಬ್ಬ ಹುಡುಗ ಮುಂದಿನ ಗುಟುರನ್ನು ತಾನೊಬ್ಬನೇ ಹಾಕಿ, ನಾಚಿ ಬಾಯಿ ಮುಚ್ಚಿಕೊಂಡ. ಆಮೇಲೆ ತಗಡಿನ ಮಾಡಿನ ಮೇಲೆ ಮಳೆಯ ಸದ್ದು ಮಾತ್ರ.

ಅವಳ ಅಂಗೈ ನನ್ನ ಮೇಲಿತ್ತು. ಆಗ ನನಗೆ ಏನಾಯಿತೆಂದು ಹೇಳಿಬಿಡುತ್ತೇನೆ. ನನ್ನನ್ನು ಕದ್ದವನು, ನನ್ನ ಕುತ್ತಿಗೆ ಮುರಿದವನು ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ನನ್ನೊಳಗೆ ಸೇರಿಕೊಂಡಿದ್ದ ಅಷ್ಟೂ ಮಳೆಗಾಲಗಳು ಒಟ್ಟಿಗೆ ಕೂಗಬೇಕೆಂದವು. ಆ ಬೆರಳುಗಳ ನಡುವೆ ಒಂದೇ ಒಂದು ಸಂದು ಸಿಕ್ಕಿದ್ದರೆ ಸಾಕಿತ್ತು, ಆ ಸಭಾಂಗಣದ ಗಾಜು ಒಡೆಯುವಂತೆ ಕಿರುಚಿಬಿಡುತ್ತಿದ್ದೆ. ಕಿರುಚಿದ್ದರೆ ಹಾಡು ಸಾಯುತ್ತಿತ್ತು. ಅವಳ ಹಾಡೂ ಅವನ ಹಾಡೂ ಒಂದೇ ಆಗುತ್ತಿದ್ದವು. ನಾನು ಹಲ್ಲು ಕಚ್ಚಿಕೊಂಡೆ. ಕುತ್ತಿಗೆಯೊಳಗೆ ಅಣ್ಣ ಅಲುಗಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಭಾರವಾದದ್ದನ್ನು ನಾನು ಮತ್ತೆ ಹೊತ್ತಿಲ್ಲ.

ಮೌನ ಉದ್ದವಾಯಿತು. ಯಾರೋ ಗೋಳಿಬಜೆಯ ಕಾಗದ ಮುದುರುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ರಿತೇಶನ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ. ಎಂಟು ದಾಟಿತು, ಹದಿನಾರು ದಾಟಿತು, ಅವನ ಕಟ್ಟಿದ ಕೈ ತಾನಾಗಿ ಬಿಚ್ಚಿಕೊಂಡಿತು. ತುಟಿ ನಿಂತಿತು. ಆಗ ಅಶ್ವಿತಾ ಅಂಗೈ ಎತ್ತಿದಳು.

ಆ ಪೆಟ್ಟು ಹೇಗಿತ್ತೆಂದು ನಾನು ಹೇಳಲಾರೆ, ನಾನು ಅದರೊಳಗಿದ್ದೆ. ಜನ ಒಬ್ಬರ ಮೇಲೊಬ್ಬರು ಬಿದ್ದದ್ದು, ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಕೊಗ್ಗು ಮಾವ ಕೊಡೆ ಹಿಡಿದು ಎದ್ದು ನಿಂತದ್ದು ಮಾತ್ರ ಕಂಡೆ. ಹಾಡು ಯಾರದ್ದೆಂದು ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಆಮೇಲೆ ರಿತೇಶನ ಸರದಿ. ಪಾಪ, ಅವನ ಪಟ್ಟಿಯಲ್ಲೂ ಅದೇ ಹಾಡಿತ್ತು. ಆ ಜಾಗ ಬಂದಾಗ ಇಡೀ ಸಭಾಂಗಣ ತಾನಾಗಿ ತಲೆ ಕೊಡವುವುದನ್ನು ನಿಲ್ಲಿಸಿ ಕಾಯಿತು. ಇವನು ನಿಲ್ಲದೆ ಓಡಿದ. "ತೆರೆ! ತೆರೆ!" ಎಂದು ಹುಡುಗರು ಕೂಗಿದರು. ಎರಡನೆಯ ಸುತ್ತಿನಲ್ಲಿ ಅದೇ ಜಾಗಕ್ಕೆ ಬಂದಾಗ ಬೇರೆ ದಾರಿಯಿಲ್ಲದೆ ನಿಲ್ಲಿಸಿದ. ತಿರುಗಣೆ ಕೊನೆಯವರೆಗೆ ತಿರುಗಿತ್ತು. ಅವನ ಎಂಟು ತಂತಿಯ ಹೊರದೇಶದ ಗಿಟಾರು ಬಾಲ ಮೆಟ್ಟಿಸಿಕೊಂಡ ಬೆಕ್ಕಿನಂತೆ ಅರಚಿತು. ಅವನು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದದ್ದು ಮೈಕಿನಲ್ಲಿ ಕೇಳಿತು. ಒಂದು ಹುಡುಗಿ ಕಿಸಕ್ಕೆಂದಳು. ಆಮೇಲೆ ಇಡೀ ಸಭಾಂಗಣ ನಕ್ಕಿತು.

ಬ್ರೂಟಲ್ ಡೆತ್ ಮೆಟಲ್ ಬಾರಿಸುವವನನ್ನು ಬೈಯಿರಿ, ಬಾಟಲಿ ಎಸೆಯಿರಿ, ಅವನಿಗದು ಹೂವಿನ ಹಾರ. ನಗಬಾರದು. ನಕ್ಕರೆ ಅವನು ಉಳಿಯುವುದಿಲ್ಲ. ನಾನು ಗೋಡೆಗೆ ಒರಗಿಕೊಂಡು ಆ ನಗುವನ್ನು ಕೊನೆಯ ತೊಟ್ಟಿನವರೆಗೆ ಕುಡಿದೆ. ಅಸ್ಥಿಚೂರ್ಣ ಮತ್ತೆ ವೇದಿಕೆ ಹತ್ತಿದ ಸುದ್ದಿ ಬರಲಿಲ್ಲ.

ಅದೆಲ್ಲ ಹಳೆಯ ಮಾತು. ಅಶ್ವಿತಾ ನನ್ನ ಮೇಲೆ ಇನ್ನೂ ತುಂಬ ಹಾಡುಗಳನ್ನು ಕಟ್ಟಿದಳು. ಮೂರು ಆಲ್ಬಮ್ಮುಗಳ ಮೇಲೆ ಅವಳ ಹೆಸರಿದೆ. ಈಗ ಅವಳ ಬೆರಳ ಗಂಟುಗಳು ನೋಯುತ್ತವೆ, ನನ್ನ ಕುತ್ತಿಗೆ ಮತ್ತೆ ಬಾಗಿದೆ. ತಂತಿಗಳನ್ನು ಕಳಚಿ, ಅವಳ ಸ್ವಂತ ಲ್ಯಾಬಿನಲ್ಲಿ, ರಕ್ತ ತೆಗೆಯುವ ಕುರ್ಚಿಯ ಎದುರಿನ ಗೋಡೆಯಲ್ಲಿ ನನ್ನನ್ನು ತೂಗುಹಾಕಿದ್ದಾಳೆ. ಹೆದರಿದ ಮಕ್ಕಳಿಗೆ "ಅಗೋ, ಆ ಗಿಟಾರು ನೋಡು" ಎನ್ನುತ್ತಾಳೆ. ಮುದಿತನಕ್ಕೆ ಇದಕ್ಕಿಂತ ಒಳ್ಳೆಯ ಮೂಲೆ ಇಲ್ಲ.

ಮೊನ್ನೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆಂದು ಒಬ್ಬ ಮನುಷ್ಯ ಬಂದ. ಬೋಳು ತಲೆ, ಮುಂದೆ ಬಂದ ಹೊಟ್ಟೆ. ಕುರ್ಚಿಯಲ್ಲಿ ಕೂತು, ತೋಳು ಚಾಚಿ, ತಲೆ ಎತ್ತಿದರೆ ಎದುರಿಗೆ ನಾನು. ನನ್ನ ಗಾಯ ಅವನಿಗೆ ಗುರುತು ಸಿಕ್ಕಿತು. ಅವನ ಕಣ್ಣು ನನಗೆ ಗುರುತು ಸಿಕ್ಕಿತು.

ಅಶ್ವಿತಾ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. "ಮುಷ್ಟಿ ಹಿಡಿ ರಿತೇಶ್," ಎಂದಳು, ನಿನ್ನೆಯಷ್ಟೇ ಮಾತಾಡಿದವಳಂತೆ.

ಅವನು ನನ್ನನ್ನೇ ನೋಡುತ್ತ ಕೇಳಿದ. "ಒಂದು ಮಾತು ಕೇಳ್ಲಾ? ಅವತ್ತು ಆ ಗ್ಯಾಪ್... ಎಷ್ಟು ಎಣಿಸಿದ್ದಿ ನೀನು? ಮನೆಯಲ್ಲಿ ಎಷ್ಟೋ ಸಲ ಬಾರಿಸಿ ನೋಡಿದೆ ಮಾರಾಯ್ತಿ. ಲೆಕ್ಕ ಸಿಗುದೇ ಇಲ್ಲ."

"ಎಣಿಸಿರ್ಲಿಲ್ಲ," ಎಂದಳು ಅಶ್ವಿತಾ. "ನಿನ್ನ ಮುಖ ನೋಡ್ತಾ ಇದ್ದೆ. ಅದರ ಬಣ್ಣ ಇಳಿದ ಮೇಲೆ ಕೈ ಎತ್ತಿದೆ."

ಅವಳು ಹತ್ತಿಯಿಂದ ತೋಳು ಒರೆಸಿ, ಸೂಜಿಯ ಮುಚ್ಚಳ ತೆಗೆದು, ನಾಳದ ಹತ್ತಿರ ತಂದು ನಿಲ್ಲಿಸಿದಳು. ಚುಚ್ಚಲಿಲ್ಲ. ಸೂಜಿ ಗಾಳಿಯಲ್ಲೇ ನಿಂತಿತ್ತು. ಅವಳ ಕಣ್ಣು ಅವನ ಮುಖದ ಮೇಲಿತ್ತು.

ನನ್ನ ಮೈಮೇಲೆ ಈಗ ಒಂದು ತಂತಿಯೂ ಇಲ್ಲ. ಆದರೂ ನಾನು ಉಸಿರು ಬಿಗಿಹಿಡಿದೆ. ಅವನ ಹಣೆಯಲ್ಲಿ ಬೆವರು ಮೂಡಿತು. ತುಟಿಗಳು ಅಲುಗುತ್ತಿದ್ದವು. ಅವನು ಎಣಿಸುತ್ತಿದ್ದ.